ಗಂಧದ ಮರ ಯಾರದ್ದು? ಯಲ್ದೂರಿನ ಬದುವಿನಿಂದ ಹವಾಯಿವರೆಗೆ

ಶ್ರೀನಿವಾಸಪುರ ಎಂದರೆ ಮಾವು. ಆದರೆ ಯಲ್ದೂರು ಕಡೆಯ ತೋಟಗಳ ಬದುಗಳಲ್ಲಿ ಈಗ ಅಲ್ಲಲ್ಲಿ ಶ್ರೀಗಂಧವೂ ಕಾಣುತ್ತದೆ. ಒಂದು ತೋಟದ ಹಿರಿಯರನ್ನು ಮಾತಾಡಿಸಿದೆವು. ‘ಮರ ನಮ್ದೇ ಕಣಪ್ಪಾ, ರಾತ್ರಿ ನಿದ್ದೆ ಮಾತ್ರ ನಮ್ದಲ್ಲ’ ಎಂದರು. ಈ ಮಾತಿನ ಹಿಂದೆ ಇನ್ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ.

1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಘೋಷಿಸಿದ. ಆಮೇಲೆ ಬಂದ ಮೈಸೂರು ಸರ್ಕಾರವೂ ಆ ಹಕ್ಕನ್ನು ಬಿಡಲಿಲ್ಲ. ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದು. ಕಳುವಾದರೆ ಉತ್ತರ ಹೇಳಬೇಕಾದವನು ಮಾತ್ರ ರೈತ. ಹಾಗಾಗಿ ಹೊಲದಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಸದ್ದಿಲ್ಲದೆ ಕಿತ್ತು ಹಾಕುವವರೇ ಹೆಚ್ಚಾದರು.

ಅದೇ ಕಾಲದಲ್ಲಿ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಂದ ಚೀನಾಕ್ಕೆ ಗಂಧ ಹೋಗುತ್ತಿತ್ತು. ಹೊನೊಲುಲು ಪಟ್ಟಣವನ್ನು ಚೀನೀಯರು ಇಂದಿಗೂ ‘ಗಂಧದ ಬೆಟ್ಟ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿ ಮೊದಲು ವ್ಯಾಪಾರವೆಲ್ಲ ರಾಜ ಒಂದನೇ ಕಮೆಹಮೆಹನ ಕೈಯಲ್ಲಿತ್ತು. 1819ರಲ್ಲಿ ಅವನು ತೀರಿಕೊಂಡ ಮೇಲೆ ನಾಯಕರು ವಿದೇಶಿ ಹಡಗಿನವರಿಂದ ಸಾಲದ ಮೇಲೆ ಸರಕು ಕೊಂಡರು. ಆ ಸಾಲ ತೀರಿಸಲು 1826ರ ಕೊನೆಯಲ್ಲಿ ಪ್ರತಿ ಗಂಡಾಳಿಗೂ ಸುಮಾರು 30 ಕಿಲೋ ಗಂಧದ ತೆರಿಗೆ ಬಿತ್ತು. ಜನ ಬೇಸಾಯ ಬಿಟ್ಟು ಬೆಟ್ಟ ಹತ್ತಿದರು. ಮಕ್ಕಳಿಗಾದರೂ ಈ ಪಾಡು ಬೇಡವೆಂದು ಎಳೆ ಸಸಿಗಳನ್ನು ಕಿತ್ತರು ಎಂಬ ಮಾತು ಅಲ್ಲೂ ಇದೆ. 1830ರ ದಶಕ ಮುಗಿಯುವಷ್ಟರಲ್ಲಿ ಆ ವ್ಯಾಪಾರವೇ ನೆಲಕಚ್ಚಿತ್ತು.

ಪಶ್ಚಿಮ ಆಸ್ಟ್ರೇಲಿಯಾದ ದಾರಿ ಬೇರೆ. 1840ರ ದಶಕದಲ್ಲಿ ಅಲ್ಲಿಂದ ರಫ್ತು ಶುರುವಾಯಿತು. ಮೊದಲು ಅವರೂ ಸಿಕ್ಕಷ್ಟು ಕಿತ್ತರು. ಆದರೆ 1929ರಲ್ಲಿ ಕಾಯ್ದೆ ತಂದು, ವರ್ಷಕ್ಕೆ ಎಷ್ಟು ಕಡಿಯಬಹುದು ಎಂದು ಮಿತಿ ಹಾಕಿದರು. 1999ರಿಂದ ಕುನುನುರ್ರಾ ಸುತ್ತಮುತ್ತ ನಮ್ಮದೇ ಜಾತಿಯ ಗಂಧವನ್ನು ನೀರಾವರಿ ತೋಟಗಳಲ್ಲಿ ಬೆಳೆಸುತ್ತಿದ್ದಾರೆ.

ನಮ್ಮಲ್ಲಿ ತಿರುವು ಕೊಟ್ಟದ್ದು ಯುದ್ಧ. ಮೈಸೂರಿನ ಕೊರಡುಗಳು ಎಣ್ಣೆ ತೆಗೆಯಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿದ್ದವು. 1914ರಲ್ಲಿ ಆ ದಾರಿ ಮುಚ್ಚಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಬಂತು. ಕೊರಡು ಮಾರುತ್ತಿದ್ದ ನಾಡು ಎಣ್ಣೆ, ಸೋಪು ಮಾರುವ ನಾಡಾಯಿತು. ಆದರೂ ಮರದ ಮೇಲೆ ರೈತನಿಗೆ ಹಕ್ಕು ಬರಲಿಲ್ಲ. ಇತ್ತ 1899ರಲ್ಲೇ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ, ಜೊತೆಗೆ ಕಳ್ಳತನ, ಕಾಡನ್ನು ಬರಿದು ಮಾಡುತ್ತಾ ಬಂದವು.

2001ರಲ್ಲಿ ರಾಜ್ಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಬೆಳೆದವನೇ ಒಡೆಯ ಎಂದಾಯಿತು. ಆಮೇಲೆಯೇ ನಮ್ಮ ಬದುಗಳಿಗೆ ಗಂಧ ವಾಪಸ್ ಬಂದದ್ದು.

ಮೂರೂ ಕಡೆಯ ಕಥೆ ಒಂದನ್ನೇ ಹೇಳುತ್ತದೆ ಎಂದು ನಮಗನ್ನಿಸುತ್ತದೆ. ಸಸಿ ಉಳಿದರೆ ತನಗೆ ಲಾಭ ಎಂದು ನೆಲದವನಿಗೆ ಅನ್ನಿಸಬೇಕು. ಆಗ ಮಾತ್ರ ಮರ ಉಳಿಯುತ್ತದೆ. ಹಕ್ಕು ಸಿಕ್ಕಿದೆ, ಸರಿ. ಆದರೆ ಚೇಗು ಬಲಿಯಲು ಹದಿನೈದು, ಇಪ್ಪತ್ತು ವರ್ಷ ಬೇಕು. ಅಷ್ಟು ರಾತ್ರಿಗಳ ಕಾವಲನ್ನು ಒಂದೇ ಕುಟುಂಬದ ಮೇಲೆ ಹೊರಿಸಿದರೆ, ಯಲ್ದೂರಿನಲ್ಲೂ ನಾಳೆ ಯಾರೋ ಬೇಸತ್ತು ಸಸಿ ಕಿತ್ತಾರು.