ಹಾಲು ಕರೆಯುವ ಯಂತ್ರಗಳ ಚರಿತ್ರೆ

ಹಾಲು ಕರೆಯುವ ಯಂತ್ರ: ಹಸು, ಎಮ್ಮೆ, ಮೇಕೆಗಳ ಕೆಚ್ಚಲಿನಿಂದ ನಿರ್ವಾತದ ಬಲದಲ್ಲಿ ಹಾಲು ಸೆಳೆದು ಪಾತ್ರೆಗೋ ಕೊಳವೆಗೋ ತಲುಪಿಸುವ ಸಾಧನ. ಇಂದು ಇದೇ ಯಂತ್ರ ಹಾಲಿನ ತೂಕ ನೋಡುತ್ತದೆ, ರೋಗದ ಸುಳಿವು ಹಿಡಿಯುತ್ತದೆ, ಹಸುವಿನ ಗುರುತು ಹಚ್ಚುತ್ತದೆ. ಉಗಿಯಂತ್ರ, ರೈಲು, ತಂತಿ ಎಲ್ಲವೂ ಬಂದಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲಸಕ್ಕೆ ಬರುವಂಥ ಒಂದು ಕರೆಯುವ ಯಂತ್ರ ಮಾತ್ರ ಬಹಳ ಕಾಲ ಬರಲಿಲ್ಲ. ಕೊರತೆ ಇದ್ದದ್ದು ಶಕ್ತಿಯದಲ್ಲ. ಕರು ಹೇಗೆ ಹಾಲು ಕುಡಿಯುತ್ತದೆ ಎಂಬುದನ್ನು ಗಮನಿಸಿ ನೋಡಿದವರೇ ಕಡಿಮೆ.

ಮೊದಲ ಪ್ರಯತ್ನಗಳು ಕ್ರೂರವಾಗಿದ್ದವು. 1830ರ ದಶಕದಲ್ಲಿ ಹಕ್ಕಿಯ ಗರಿಯ ದಂಟನ್ನೋ ಲೋಹದ ಸಣ್ಣ ನಳಿಕೆಯನ್ನೋ ಮೊಲೆತೊಟ್ಟಿನ ರಂಧ್ರಕ್ಕೆ ತೂರಿಸಿ ಹಾಲು ತಾನಾಗಿ ಸೋರುವಂತೆ ಮಾಡುತ್ತಿದ್ದರು. ತೊಟ್ಟಿನ ತುದಿಯಲ್ಲಿ ರಂಧ್ರವನ್ನು ಬಿಗಿಯಾಗಿ ಮುಚ್ಚಿಡುವ ಸ್ನಾಯು ಇದೆ. ನಳಿಕೆ ಅದನ್ನು ಸಡಿಲಗೊಳಿಸುತ್ತಿತ್ತು, ಜೊತೆಗೆ ಹೊರಗಿನ ಕೊಳೆಯನ್ನು ನೇರವಾಗಿ ಕೆಚ್ಚಲಿನೊಳಕ್ಕೆ ಒಯ್ಯುತ್ತಿತ್ತು. ಕೆಚ್ಚಲು ಬಾವಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ನಿರ್ವಾತದ ಬಳಕೆ ಆಮೇಲೆ ಬಂತು. ಅಮೆರಿಕದ ಎಲ್. ಒ. ಕಾಲ್ವಿನ್ 1860ರಲ್ಲಿ ಕೈಪಂಪಿನ ಯಂತ್ರಕ್ಕೆ ಪೇಟೆಂಟ್ ಪಡೆದ. 1879ರಲ್ಲಿ ನ್ಯೂಜೆರ್ಸಿಯ ಆನಾ ಬಾಲ್ಡ್‌ವಿನ್ ಎಂಬ ಮಹಿಳೆ ಇಡೀ ಕೆಚ್ಚಲನ್ನೇ ಮುಚ್ಚುವ ರಬ್ಬರಿನ ಕವಚವೊಂದನ್ನು ಪಂಪಿಗೆ ಜೋಡಿಸಿ ಪೇಟೆಂಟ್ ಮಾಡಿಸಿದಳು. ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ ವಿಲಿಯಂ ಮರ್ಚ್‌ಲೆಂಡ್ 1889ರಲ್ಲಿ ಹಸುವಿನ ಹೊಟ್ಟೆಯ ಕೆಳಗೆ ತೂಗುಬಿಡುವ ಯಂತ್ರ ಮಾಡಿದ. ಈ ಮೂರಕ್ಕೂ ಇದ್ದ ದೋಷ ಒಂದೇ: ಸೆಳೆತ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಎಡೆಬಿಡದೆ ಸೆಳೆದರೆ ತೊಟ್ಟಿನಲ್ಲಿ ರಕ್ತ ಕಟ್ಟಿಕೊಂಡು ಬಾವು ಬರುತ್ತದೆ. ಹಸು ಒದೆಯುತ್ತದೆ, ಹಾಲು ಬಿಗಿಹಿಡಿಯುತ್ತದೆ.

ಕರು ಹಾಗೆ ಕುಡಿಯುವುದಿಲ್ಲ. ತೊಟ್ಟನ್ನು ನಾಲಿಗೆಗೂ ಅಂಗುಳಕ್ಕೂ ನಡುವೆ ಹಿಡಿದು ಸೆಳೆಯುತ್ತದೆ, ನುಂಗುವಾಗ ಸೆಳೆತ ಬಿಡುತ್ತದೆ, ಮತ್ತೆ ಸೆಳೆಯುತ್ತದೆ. ಆ ಬಿಡುವಿನಲ್ಲಿ ತೊಟ್ಟಿನ ರಕ್ತ ಮೇಲಕ್ಕೆ ಹರಿದುಹೋಗುತ್ತದೆ. ಈ ಲಯವನ್ನು ಯಂತ್ರಕ್ಕೆ ತಂದವನು ಗ್ಲಾಸ್ಗೋದ ಅಲೆಗ್ಸಾಂಡರ್ ಶೀಲ್ಸ್. ಅವನ ‘ಥಿಸಲ್’ ಯಂತ್ರದಲ್ಲಿ (1895) ಸೆಳೆತವನ್ನು ಏರಿಳಿಸುವ ಪಲ್ಸೇಟರ್ ಇತ್ತು. ಆದರೆ ಅದಕ್ಕೆ ಉಗಿಯಿಂದ ನಡೆಯುವ ದೊಡ್ಡ ಪಂಪು ಬೇಕಾಗಿತ್ತು, ಸ್ವಚ್ಛವಾಗಿಡುವುದೂ ಕಷ್ಟವಾಗಿತ್ತು. ಕೊನೆಯ ತೊಡಕು ಬಿಡಿಸಿದ್ದು ಆಸ್ಟ್ರೇಲಿಯದಲ್ಲಿ. ವಿಕ್ಟೋರಿಯ ಪ್ರಾಂತದ ಟೆರಾಂಗ್‌ನ ಅಲೆಗ್ಸಾಂಡರ್ ಗಿಲ್ಲಿಸ್ 1903ರ ಸುಮಾರಿಗೆ ಎರಡು ಕೋಣೆಗಳ ಬಟ್ಟಲನ್ನೂ ಪಲ್ಸೇಟರನ್ನೂ ಒಂದುಗೂಡಿಸಿದ. ಹೊರಗೆ ಗಟ್ಟಿ ಚಿಪ್ಪು, ಒಳಗೆ ರಬ್ಬರಿನ ತೆಳು ತೋಳು. ತೋಳಿನ ಒಳಗೆ ಸೆಳೆತ ಸದಾ ಇರುತ್ತದೆ. ಚಿಪ್ಪಿಗೂ ತೋಳಿಗೂ ನಡುವಿನ ಸಂದಿನಲ್ಲಿ ಒಮ್ಮೆ ನಿರ್ವಾತ, ಒಮ್ಮೆ ಗಾಳಿ. ನಿರ್ವಾತವಿದ್ದಾಗ ತೋಳು ತೆರೆದು ಹಾಲು ಹರಿಯುತ್ತದೆ. ಗಾಳಿ ಬಂದಾಗ ತೋಳು ಮಡಚಿ ತೊಟ್ಟನ್ನು ಮೆಲ್ಲಗೆ ಒತ್ತುತ್ತದೆ, ಹಾಲು ನಿಲ್ಲುತ್ತದೆ, ರಕ್ತ ಚಲಿಸುತ್ತದೆ. ನಿಮಿಷಕ್ಕೆ ಸುಮಾರು 60 ಸಲ ಹೀಗೆ ನಡೆಯುತ್ತದೆ. ಇಂದಿನ ಅತ್ಯಂತ ದುಬಾರಿ ರೋಬಾಟ್‌ನ ಬಟ್ಟಲೂ ಇದೇ ತತ್ತ್ವದ್ದು. ಈ ಚರಿತ್ರೆಯಲ್ಲಿ ಒಂದೇ ಒಂದು ಆವಿಷ್ಕಾರವನ್ನು ಎತ್ತಿ ಹೇಳಬೇಕಾದರೆ ಇದನ್ನೇ ಹೇಳಬೇಕು. ಕೆನೆ ತೆಗೆಯುವ ಯಂತ್ರದಿಂದ ಹೆಸರಾಗಿದ್ದ ಸ್ವೀಡನ್ನಿನ ಗುಸ್ತಾಫ್ ದ ಲವಾಲ್ 1913ರಲ್ಲಿ ತೀರಿಕೊಂಡ. ಅವನ ಕಂಪನಿ ಕರೆಯುವ ಯಂತ್ರವನ್ನು ಮಾರುಕಟ್ಟೆಗೆ ತಂದದ್ದು ಆಮೇಲೆ.

ಯಂತ್ರ ಸರಿಯಾದರೂ ಹಸು ಒಪ್ಪಬೇಕಲ್ಲ. ಅಮೆರಿಕದ ಫೋರ್ಡೈಸ್ ಈಲೀ ಮತ್ತು ವಿಲಿಯಂ ಪೀಟರ್ಸನ್ 1941ರಲ್ಲಿ ಪ್ರಕಟಿಸಿದ ಪ್ರಯೋಗ ಹಸು ಹಾಲು ಬಿಗಿಹಿಡಿಯುವುದಕ್ಕೆ ಕಾರಣ ತೋರಿಸಿತು. ಕರೆಯುವ ಹೊತ್ತಿಗೆ ಹಸುವಿನ ಬೆನ್ನ ಮೇಲೆ ಬೆಕ್ಕು ಬಿಟ್ಟು, ಕಾಗದದ ಚೀಲ ಒಡೆದು ಸದ್ದು ಮಾಡಿ ಹೆದರಿಸಿದರೆ ಹಾಲು ಇಳಿಯುತ್ತಿರಲಿಲ್ಲ. ಕೆಚ್ಚಲು ಒರೆಸಿದಾಗ, ಕರು ಗುದ್ದಿದಾಗ ಮಿದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಬಂದು ಹಾಲನ್ನು ಕೆಳಗಿಳಿಸುತ್ತದೆ. ಹೆದರಿಕೆಯಲ್ಲಿ ಒಸರುವ ಅಡ್ರಿನಲಿನ್ ಅದಕ್ಕೆ ಅಡ್ಡಬರುತ್ತದೆ. ಆಕ್ಸಿಟೋಸಿನ್ನಿನ ಪ್ರಭಾವ ಕೆಲವೇ ನಿಮಿಷ ಇರುವುದರಿಂದ ಕರೆಯುವುದೂ ಅಷ್ಟರಲ್ಲಿ ಮುಗಿಯಬೇಕು. ಬೈಯದೆ ಹೊಡೆಯದೆ ಕರೆಯಬೇಕು ಎಂದು ಕೊಟ್ಟಿಗೆಯ ಹೆಂಗಸರು ಹೇಳುತ್ತ ಬಂದದ್ದಕ್ಕೆ ಶರೀರವಿಜ್ಞಾನದ ಸಾಕ್ಷಿ ಹೀಗೆ ದೊರೆಯಿತು.

ದೊಡ್ಡ ಹಿಂಡುಗಳಲ್ಲಿ ಮುಂದಿನ ಪ್ರಶ್ನೆ ಕರೆಯುವವರ ನಡಿಗೆಯದು. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ 1930ರಲ್ಲಿ ಆರಂಭವಾದ ‘ರೋಟೋಲ್ಯಾಕ್ಟರ್’ 50 ಹಸುಗಳನ್ನು ಹೊತ್ತು ನಿಧಾನವಾಗಿ ತಿರುಗುವ ವೇದಿಕೆ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನ ಅಂಥದನ್ನು ನೋಡಲು ಮುಗಿಬಿದ್ದರು, ಆದರೆ ಅದು ಸಾಮಾನ್ಯ ರೈತನ ಕೈಗೆಟುಕುವಂತಿರಲಿಲ್ಲ. ನ್ಯೂಜಿಲೆಂಡಿನ ರೈತ ರಾನ್ ಶಾರ್ಪ್ 1952ರಲ್ಲಿ ಹಸುಗಳನ್ನು ಓರೆಯಾಗಿ, ಮೀನಿನ ಮುಳ್ಳಿನಂತೆ ನಿಲ್ಲಿಸಿ, ನಡುವಿನ ಹಳ್ಳದಲ್ಲಿ ನಿಂತು ಬಗ್ಗದೆ ಕರೆಯುವ ಅಂಗಳ ಕಟ್ಟಿದ. ಖರ್ಚು ಕಡಿಮೆಯಾದ ಈ ಮಾದರಿ ಲೋಕದೆಲ್ಲೆಡೆ ಹಬ್ಬಿತು.

ನಿಗಾ ಇಡುವ ಕೆಲಸಕ್ಕೂ ತನ್ನದೇ ಚರಿತ್ರೆ ಇದೆ. ಡೆನ್ಮಾರ್ಕಿನ ವೇಯೆನ್‌ನಲ್ಲಿ 1895ರಲ್ಲಿ ರೈತರು ಸಂಘ ಕಟ್ಟಿ, ಮನೆಮನೆಗೆ ಹೋಗಿ ಒಂದೊಂದು ಹಸುವಿನ ಹಾಲು ತೂಗಿ ಜಿಡ್ಡು ನೋಡುವ ಆಳನ್ನು ನೇಮಿಸಿದರು. ಆ ಆಳಿನ ಕೆಲಸವನ್ನು 1970ರ ದಶಕದಿಂದ ವಿದ್ಯುನ್ಮಾನ ಸಾಧನಗಳು ವಹಿಸಿಕೊಂಡವು. ಕೊರಳಪಟ್ಟಿಯ ಬಿಲ್ಲೆ ಹಸುವನ್ನು ಗುರುತಿಸಿ ಅದರ ಪಾಲಿನ ಹಿಂಡಿಯನ್ನಷ್ಟೇ ಸುರಿಸುವ ಏರ್ಪಾಡು ಮೊದಲು ಬಂತು. ಕೆಚ್ಚಲು ಬಾವು ತಗುಲಿದಾಗ ಹಾಲಿನಲ್ಲಿ ಸೋಡಿಯಂ, ಕ್ಲೋರೈಡ್ ಹೆಚ್ಚಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಕೊಳವೆಯಲ್ಲೇ ಅದನ್ನು ಅಳೆದು ಎಚ್ಚರಿಸುವ ಉಪಕರಣಗಳೂ ಬಂದವು. ಬೆದೆಯಲ್ಲಿರುವ ಹಸು ಮಾಮೂಲಿಗಿಂತ ಹಲವು ಪಟ್ಟು ಓಡಾಡುತ್ತದೆ. ಇದನ್ನೇ ಆಧರಿಸಿ ಇಸ್ರೇಲಿನ ಅಫಿಕಿಂ ಸಾಮುದಾಯಿಕ ಗ್ರಾಮದ ಕಂಪನಿ ಕಾಲಿಗೆ ಕಟ್ಟುವ ಹೆಜ್ಜೆಮಾಪಕವನ್ನು ಹಾಲಿನ ಲೆಕ್ಕದೊಂದಿಗೆ ಬೆಸೆಯಿತು. ಮೆಲುಕಿನ ಸದ್ದು ಕೇಳಿ ನಿಮಿಷ ಎಣಿಸುವ ಕೊರಳಪಟ್ಟಿ ಆಮೇಲೆ ಬಂತು. ಮೆಲುಕು ತಗ್ಗಿದರೆ ಮೈಗೆ ಸರಿಯಿಲ್ಲದಿರಬಹುದು, ಇಲ್ಲವೆ ಹಸು ಬೆದೆಗೆ ಬಂದಿರಬಹುದು.

ಇವೆಲ್ಲ ಒಂದು ಕಡೆ ಕೂಡಿದ್ದು ನೆದರ್ಲೆಂಡ್ಸ್‌ನಲ್ಲಿ. ಅಲ್ಲಿ ಕೂಲಿ ದುಬಾರಿ, ಮನೆಮಂದಿಯೇ ನಡೆಸುವ ಸಾಕಣೆ, ವರ್ಷದ ಎಲ್ಲ ದಿನವೂ ಎರಡು ಹೊತ್ತು ತಪ್ಪದ ದುಡಿಮೆ. 1992ರಲ್ಲಿ ಮೊದಲ ಕರೆಯುವ ರೋಬಾಟ್‌ಗಳು ಅಲ್ಲಿನ ಕೊಟ್ಟಿಗೆಗಳಲ್ಲಿ ಕೆಲಸ ಆರಂಭಿಸಿದವು. ಹಿಂಡಿಯ ಆಸೆಗೆ ಹಸು ತಾನಾಗಿ ಬರುತ್ತದೆ. ಯಂತ್ರ ಅದರ ಗುರುತು ಹಿಡಿದು, ಈಗಷ್ಟೇ ಕರೆಸಿಕೊಂಡು ಹೋಗಿದ್ದರೆ ವಾಪಸು ಕಳಿಸುತ್ತದೆ. ಇಲ್ಲವಾದರೆ ಕೆಚ್ಚಲು ತೊಳೆದು, ಲೇಸರ್ ಅಥವಾ ಕ್ಯಾಮೆರಾದಿಂದ ತೊಟ್ಟುಗಳನ್ನು ಹುಡುಕಿ ಬಟ್ಟಲು ತೊಡಿಸುತ್ತದೆ. ನಾಲ್ಕು ತೊಟ್ಟುಗಳಲ್ಲಿ ಯಾವುದರ ಹಾಲು ಮುಗಿಯಿತೋ ಅದನ್ನಷ್ಟೇ ಬಿಡಿಸುತ್ತದೆ. ಒಂದು ರೋಬಾಟ್ ಸುಮಾರು 60 ಹಸುಗಳನ್ನು ನೋಡಿಕೊಳ್ಳುತ್ತದೆ. ಯಾವಾಗ ಕರೆಸಿಕೊಳ್ಳಬೇಕೆಂಬ ತೀರ್ಮಾನದಲ್ಲಿ ಹಸುವಿಗೂ ಪಾಲು ಸಿಕ್ಕಿದ್ದು ಈ ಯಂತ್ರದ ನಿಜವಾದ ಹೆಚ್ಚುಗಾರಿಕೆ.

ಕರ್ನಾಟಕದ ಬಹುಪಾಲು ಹಾಲು ಬರುವುದು ಒಂದೆರಡು ಮಿಶ್ರತಳಿ ಹಸು ಕಟ್ಟಿಕೊಂಡ ಮನೆಗಳಿಂದ. ಇಲ್ಲಿ ಯಾಂತ್ರೀಕರಣ ಮೊದಲು ಹೊಕ್ಕದ್ದು ಕೊಟ್ಟಿಗೆಗಲ್ಲ, ಡೈರಿಗೆ: ತೂಕ, ಫ್ಯಾಟು, ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಅಳೆದು ಚೀಟಿ ಕೊಡುವ ಯಂತ್ರಗಳು ಹಳ್ಳಿಯ ಸಂಘಗಳಿಗೆ ಬಂದವು. ಬೆಂಗಳೂರಿನಲ್ಲಿ 2011ರಲ್ಲಿ ಹುಟ್ಟಿದ ಸ್ಟೆಲ್ಲಾಪ್ಸ್ ಇಂಥ ಸಾಧನಗಳಲ್ಲೇ ತೊಡಗಿರುವ ಕಂಪನಿ. ಕೊಟ್ಟಿಗೆಯೊಳಕ್ಕೆ ಬಂದದ್ದು ಗಾಲಿಗಳ ಮೇಲೆ ತಳ್ಳಿಕೊಂಡು ಹೋಗುವ ಬಕೆಟ್ ಮಾದರಿಯ ಕರೆಯುವ ಯಂತ್ರ. ಹಸುವಿನ ಗುರುತಿನ ಮಾತಿಗೆ ಬಂದರೆ, ಕಾಲುಬಾಯಿ ಜ್ವರದ ಲಸಿಕೆಗಾಗಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 12 ಅಂಕಿಗಳ ಹಳದಿ ಕಿವಿಯೋಲೆ ರಾಸುಗಳಿಗೆ ಕಡ್ಡಾಯವಾಯಿತು.

ಹೊರದೇಶದ ಸಾಧನವನ್ನು ಹಾಗೆಯೇ ತಂದರೆ ಇಲ್ಲಿ ನಡೆಯದು. ದಿನವಿಡೀ ಗೂಟಕ್ಕೆ ಕಟ್ಟಿದ ಹಸುವಿಗೆ ಹೆಜ್ಜೆಮಾಪಕ ಕಟ್ಟಿ ಫಲವಿಲ್ಲ. ಮೆಲುಕನ್ನೂ ಚಡಪಡಿಕೆಯನ್ನೂ ಗಮನಿಸುವ ಕೊರಳಪಟ್ಟಿಯೇ ಸೂಕ್ತ. ಬೆದೆ 12ರಿಂದ 18 ಗಂಟೆಯಷ್ಟೇ ಇರುತ್ತದೆ, ಎಷ್ಟೋ ಸಲ ರಾತ್ರಿಯಲ್ಲೇ ಕಳೆದುಹೋಗುತ್ತದೆ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಅಷ್ಟು ದಿನದ ಮೇವು ಹಿಂಡಿಯ ಖರ್ಚು ರೈತನ ತಲೆಯ ಮೇಲೆ ಬೀಳುತ್ತದೆ. ಅಂಥ ಪಟ್ಟಿಗಳನ್ನು ಹಾಲು ಒಕ್ಕೂಟಗಳೇ ಕೊಂಡು, ಕರು ಹಾಕಿ ಎರಡು ತಿಂಗಳಾದ ಹಸುಗಳಿಗೆ ಸಂಘಗಳ ಮೂಲಕ ಬಾಡಿಗೆಗೆ ಕೊಡುವ ಏರ್ಪಾಡು ಮಾಡಬೇಕು.