ಐಬ್ಯಾನ್: ನಿಮ್ಮ ದುಡ್ಡಿಗೆ ಎರಡು ಅಂಕಿಯ ಕಾವಲು

ನನ್ನ ಗೆಳೆಯನೊಬ್ಬ ಓದೋಕೆ ಅಂತ ಜರ್ಮನಿಗೆ ಹೊರಟಿದ್ದ. ರೂಮಿಗೆ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್ ಕಳಿಸಬೇಕಿತ್ತು. ಅವರಪ್ಪ ಸಾಲ ಮಾಡಿ ಕೊಟ್ಟ ದುಡ್ಡು ಅದು. ಓನರ್ ಕೊಟ್ಟ ನಂಬರ್ ‘ಡಿಇ’ ಅಂತ ಶುರುವಾಗಿ, ಒಟ್ಟು 22 ಅಕ್ಷರ-ಅಂಕಿ ಇತ್ತು. ಟೈಪ್ ಮಾಡೋವಾಗ 56 ಹೋಗಿ 65 ಆಯ್ತು. ಆ್ಯಪ್ ತಕ್ಷಣ ‘ನಂಬರ್ ತಪ್ಪು’ ಅಂತು. ಜರ್ಮನಿಯ ಬ್ಯಾಂಕನ್ನ ಇನ್ನೂ ಯಾರೂ ಕೇಳೇ ಇರಲಿಲ್ಲ. ಮತ್ತೆ ಗೊತ್ತಾಗಿದ್ದು ಹೇಗೆ?

ಆ ನಂಬರೇ ಐಬ್ಯಾನ್, ಅಂದ್ರೆ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ. ಇದರ ಕತೆಗೆ ಸ್ವಲ್ಪ ಹಿಂದೆ ಹೋಗೋಣ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಸ್ವಿಫ್ಟ್ ಸಂಸ್ಥೆ ಕಟ್ಟಿದವು. 1977ರಿಂದ ಟೆಲೆಕ್ಸ್ ಬದಲು ಕಂಪ್ಯೂಟರ್ ಸಂದೇಶ ಓಡಾಡೋಕೆ ಶುರುವಾಯ್ತು. ಸಂದೇಶವೇನೋ ಬೇಗ ತಲುಪ್ತಿತ್ತು. ಆದರೆ ಒಂದೊಂದು ದೇಶದ ಖಾತೆ ಸಂಖ್ಯೆಗೂ ಒಂದೊಂದು ಉದ್ದ, ಒಂದೊಂದು ರೂಪ. ಪ್ಯಾರಿಸ್‌ನ ಗುಮಾಸ್ತನಿಗೆ ಓಸ್ಲೋದ ನಂಬರ್ ಸರಿಯಾ ತಪ್ಪಾ ಅಂತ ಹೇಗೆ ಗೊತ್ತಾಗ್ಬೇಕು?

1997ರಲ್ಲಿ ಐಎಸ್‌ಒ 13616 ಅನ್ನೋ ಮಾನದಂಡ ಬಂತು. ಯಾವ ದೇಶವೂ ತನ್ನ ಹಳೇ ನಂಬರ್ ಬಿಡಬೇಕಿರಲಿಲ್ಲ, ಅದರ ಮುಂದೆ ನಾಲ್ಕು ಸ್ಥಾನ ಸೇರಿಸಿದರೆ ಸಾಕು. ಮೊದಲೆರಡು ಅಕ್ಷರ ದೇಶದ್ದು, ಆಮೇಲಿನ ಎರಡು ಅಂಕಿ ಕಾವಲಿಗೆ. ಅದಕ್ಕೇ ನಾರ್ವೆಯ ಐಬ್ಯಾನ್ 15 ಸ್ಥಾನ, ಮಾಲ್ಟಾದ್ದು 31.

ಕಾವಲಿನ ಲೆಕ್ಕ ಇಷ್ಟೇ: ಮುಂದಿನ ನಾಲ್ಕನ್ನ ಕೊನೆಗೆ ಹಾಕಿ. ಅಕ್ಷರಗಳನ್ನ ಅಂಕಿ ಮಾಡಿ: ಎ ಅಂದ್ರೆ 10, ಬಿ ಅಂದ್ರೆ 11, ಹೀಗೇ ಝಡ್‌ವರೆಗೆ 35. ಬಂದ ದೊಡ್ಡ ಸಂಖ್ಯೆಯನ್ನ 97ರಿಂದ ಭಾಗಿಸಿ. ಶೇಷ 1 ಬರಲೇಬೇಕು. 97 ಎರಡಂಕಿಯ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. ಹಾಗಾಗಿ ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತೆ.

2003ರ ಜುಲೈಯಿಂದ ಐರೋಪ್ಯ ಒಕ್ಕೂಟದಲ್ಲಿ 12,500 ಯೂರೋವರೆಗೆ ಗಡಿಯಾಚೆ ಕಳಿಸಿದ್ರೂ ದೇಶದೊಳಗಿನಷ್ಟೇ ಚಾರ್ಜ್ ಅಂತ ಕಾನೂನು ಆಯ್ತು. ಆದರೆ ಐಬ್ಯಾನ್ ಕೊಡಬೇಕು. ಜನ ಬೇಗ ಕಲಿತರು! ದುಬೈನಲ್ಲಿರೋ ನಮ್ಮ ಕರಾವಳಿಯವರಿಗೂ ಇದು ಗೊತ್ತು. ಯುಎಇ 2011ರಲ್ಲಿ 23 ಸ್ಥಾನದ ಐಬ್ಯಾನ್ ತಂತು. ಭಾರತದಲ್ಲಿ ಐಬ್ಯಾನ್ ಇಲ್ಲ. ಹೊರಗಿನವರು ಕೇಳಿದ್ರೆ ಖಾತೆ ಸಂಖ್ಯೆ, ಬ್ಯಾಂಕಿನ ಸ್ವಿಫ್ಟ್ ಕೋಡ್, ಐಎಫ್‌ಎಸ್‌ಸಿ ಕೊಡಿ.

ಒಂದು ಮಾತು ಮಾತ್ರ ಮರೀಬೇಡಿ. ಶೇಷ 1 ಬಂದ್ರೆ ನಂಬರ್ ಸರಿಯಾಗಿ ಬರೆದಿದೆ ಅಂತ ಅಷ್ಟೇ. ಅದು ಯಾರ ಖಾತೆ ಅಂತ ಆ ಲೆಕ್ಕ ಹೇಳಲ್ಲ. ಮೋಸಗಾರನ ಐಬ್ಯಾನೂ ಪಾಸಾಗುತ್ತೆ. ಯೂರೋ ವಲಯದ ಬ್ಯಾಂಕುಗಳು ಹೆಸರು ಹೊಂದುತ್ತಾ ಅಂತ ನೋಡೋದು ಕಡ್ಡಾಯ ಆಗಿದ್ದು 2025ರ ಅಕ್ಟೋಬರಿನಲ್ಲಿ.

ನನ್ನ ಗೆಳೆಯ 56 ಅಂತ ತಿದ್ದಿದ. ಆ್ಯಪ್ ಒಪ್ಪಿತು. ಆದರೂ ತಕ್ಷಣ ಕಳಿಸಲಿಲ್ಲ. ಮೊದಲು ಓನರ್‌ಗೆ ವಿಡಿಯೋ ಕಾಲ್ ಮಾಡಿ, ರೂಮ್ ನೋಡಿ, ಹೆಸರು ಕೇಳಿ, ನಂಬರನ್ನ ಅವರ ಬಾಯಲ್ಲೇ ಹೇಳಿಸಿದ. ಆಮೇಲೆ ಸೆಂಡ್ ಒತ್ತಿದ.