ಕ್ವೇಕ್ ಬಂದ ಮೇಲೆ

1996ರ ಜೂನ್‌ನಲ್ಲಿ ಅಮೆರಿಕದ ಐಡಿ ಸಾಫ್ಟ್‌ವೇರ್ ‘ಕ್ವೇಕ್’ ಆಟ ಬಿಟ್ಟಿತು. ಪ್ರೊಸೆಸರ್ ಕೊಳ್ಳುವವರ ಲೆಕ್ಕಾಚಾರ ಅಲ್ಲಿಗೆ ತಲೆಕೆಳಗಾಯಿತು.

ಆಗ ಸೈರಿಕ್ಸ್ ಕಂಪನಿಯ 6ಎಕ್ಸ್86 ಅಗ್ಗವೂ ಹೌದು, ಚುರುಕೂ ಹೌದು. 133 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್ಪಿಗೆ ಕಂಪನಿ ‘ಪಿಆರ್166+’ ಎಂದು ಹೆಸರಿಟ್ಟಿತ್ತು, ಇಂಟೆಲ್‌ನ 166ರ ಪೆಂಟಿಯಂಗೆ ಸಮ ಎಂಬ ಅರ್ಥದಲ್ಲಿ. ಕಚೇರಿ ಕೆಲಸದ ಮಟ್ಟಿಗೆ ಅದು ಬರೀ ಬಡಾಯಿ ಅಲ್ಲ. ಆದರೆ ಕ್ವೇಕ್‌ನ ಗೋಡೆಗಳನ್ನು ಬಿಡಿಸಲು ಬೇಕಾದದ್ದು ದಶಾಂಶ ಸಂಖ್ಯೆಗಳ (ಫ್ಲೋಟಿಂಗ್ ಪಾಯಿಂಟ್) ಭಾಗಾಕಾರ. ಐಡಿಯ ಪ್ರೋಗ್ರಾಮರ್ ಮೈಕೆಲ್ ಅಬ್ರಾಶ್ ತಿದ್ದಿ ತೀಡಿದ ಕೋಡ್ 16 ಪಿಕ್ಸೆಲ್‌ಗೊಮ್ಮೆ ಭಾಗಿಸುತ್ತಿತ್ತು. ಪೆಂಟಿಯಂ ಒಂದು ಕಡೆ ಭಾಗಿಸುತ್ತಲೇ ಇನ್ನೊಂದು ಕಡೆ ಪಿಕ್ಸೆಲ್ ಬಳಿಯುತ್ತಿತ್ತು. ದಶಾಂಶದ ಲೆಕ್ಕದಲ್ಲಿ ಮಂದವಾಗಿದ್ದ ಸೈರಿಕ್ಸ್ ಕುಂಟಿತು.

ಎರಡು ವರ್ಷದ ನಂತರದ ಕಥೆ ಇನ್ನೂ ಮಜಾ. 1998ರ ಆಗಸ್ಟ್‌ನಲ್ಲಿ ಇಂಟೆಲ್ 149 ಡಾಲರ್‌ಗೆ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಹಿಂದಿನ ಸೆಲೆರಾನ್‌ಗೆ ಎಲ್2 ಕ್ಯಾಶೇ (ಪ್ರೊಸೆಸರ್‌ನ ಕೈಗೆಟುಕುವ ಚುರುಕು ಮೆಮೊರಿ) ಇರಲಿಲ್ಲ. ಇದರಲ್ಲಿ ಚಿಪ್ಪಿನೊಳಗೇ 128 ಕೆಬಿ, ಅದೂ ಪೂರ್ತಿ ವೇಗದಲ್ಲಿ. ಚಿಪ್ಪನ್ನು ಬೋರ್ಡಿಗೆ ಜೋಡಿಸುವ 66 ಮೆಗಾಹರ್ಟ್ಸ್ ಬಸ್ಸನ್ನು 100ಕ್ಕೆ ಏರಿಸಿದರೆ ಚಿಪ್ಪಿನ ವೇಗ ಅದರ ನಾಲ್ಕೂವರೆ ಪಟ್ಟು, ಅಂದರೆ 450!

ಮದರ್‌ಬೋರ್ಡ್ ಇದಕ್ಕೆ ಒಪ್ಪದಿದ್ದರೆ?

ಚಿಪ್ಪು ಕೂತಿದ್ದ ಕಾರ್ಡಿನ ಅಂಚಿನಲ್ಲಿರುವ ಬಿ21 ಪಿನ್ ಮೇಲೆ ಟೇಪಿನ ಚೂರು ಅಂಟಿಸುತ್ತಿದ್ದರು. ಪಾಪ, ಬೋರ್ಡ್ ಅದನ್ನು 100ರ ಚಿಪ್ಪೆಂದೇ ನಂಬಿಬಿಡುತ್ತಿತ್ತು. ಎಲ್ಲ ಚಿಪ್ಪೂ ಆ ವೇಗ ತಡೆಯುತ್ತಿರಲಿಲ್ಲ, ತಡೆದವು ಮಾತ್ರ ಲಾಟರಿಯೇ. ಯಾಕೆಂದರೆ ಅದೇ ತಿಂಗಳು ಬಂದ 450ರ ಪೆಂಟಿಯಂ 2ಕ್ಕೆ 669 ಡಾಲರ್. ಅದರ 512 ಕೆಬಿ ಕ್ಯಾಶೇ ಓಡುತ್ತಿದ್ದದ್ದು ಅರ್ಧ ವೇಗದಲ್ಲಿ.